ಉಬ್ಬರದ ಹೊತ್ತಿನ ಹಕ್ಕಿ: ಒಂದು ಅಳಿವೆಯಲ್ಲಿ ಗ್ರೇಟ್ ನಾಟ್ ಕಂಡ ಪ್ರಕರಣ

ಇದು ಉತ್ತರ ಕನ್ನಡ ಕರಾವಳಿಯ ಒಂದು ಅಳಿವೆಯಲ್ಲಿ, ಒಂದು ಚಳಿಗಾಲದಲ್ಲಿ, ಗ್ರೇಟ್ ನಾಟ್ ಎಂಬ ಅಪರೂಪದ ವಲಸೆ ಹಕ್ಕಿ ಕಂಡಾಗ ನಡೆದದ್ದು. ಯಾವ ಅಳಿವೆ, ಯಾವ ವರ್ಷ ಎಂದು ಬರೆಯುತ್ತಿಲ್ಲ. ಜನರ ಹೆಸರೂ ಇಲ್ಲ. ಕಾರಣ ಏನೆಂದು ಓದುತ್ತಾ ಹೋದಂತೆ ತಿಳಿಯುತ್ತದೆ. ತೀರದಲ್ಲಿ ಹಕ್ಕಿ ಎಣಿಸುವ ಸಣ್ಣ ಗುಂಪುಗಳು ನಮ್ಮಲ್ಲಿ ಈಗ ಹೆಚ್ಚುತ್ತಿವೆ. ಅಂಥವರಿಗೆ ಉಪಯೋಗವಾಗಲಿ ಎಂದು, ನಾವು ಎಡವಿದ ಜಾಗಗಳನ್ನೂ ಬಿಡದೆ ಬರೆದಿದ್ದೇನೆ.

ಹಿನ್ನೆಲೆ

ನಮ್ಮದು ಐದು ಜನರ ಗುಂಪು. ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನವರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಒಬ್ಬರು ನಿವೃತ್ತ ಹಿರಿಯರು, ನಲವತ್ತು ವರ್ಷದಿಂದ ಹಕ್ಕಿ ನೋಡುತ್ತಿರುವವರು. ಒಬ್ಬರು ಫೋಟೋ ತೆಗೆಯುವವರು. ಒಬ್ಬ ಕಾಲೇಜು ಹುಡುಗ. ಐದನೆಯವನು ನಾನು, ಲೆಕ್ಕದ ಪುಸ್ತಕ ಇರುವುದು ನನ್ನ ಹತ್ತಿರ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಎರಡು ಸಲ ಅಳಿವೆಗೆ ಹೋಗಿ ವಲಸೆ ಹಕ್ಕಿಗಳನ್ನು ಎಣಿಸುತ್ತೇವೆ.

ಜಾಗ ಹೇಗಿದೆ ಎಂದು ಸ್ವಲ್ಪ ಹೇಳಬೇಕು. ನದಿ ಕಡಲಿಗೆ ಸೇರುವ ಬಾಯಲ್ಲಿ ಉದ್ದಕ್ಕೆ ಚಾಚಿಕೊಂಡ ಮರಳು ದಿಬ್ಬ. ಅದರ ಒಳಗಡೆ ಅಗಲವಾದ ಕೆಸರು ಬಯಲು. ಬಯಲಿನ ಅಂಚಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಅದರಾಚೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಹಳೆಯ ಏರಿ. ಇಳಿತದಲ್ಲಿ ಬಯಲು ತೆರೆದುಕೊಂಡಾಗ ಹೆಂಗಸರು ಬಳಚು ಎಂಬ ಕಪ್ಪೆಚಿಪ್ಪಿನ ಜೀವಿ ತೆಗೆಯಲು ಇಳಿಯುತ್ತಾರೆ. ಹಕ್ಕಿಗಳೂ ಅಲ್ಲೇ ಹರಡಿಕೊಂಡು ಮೇಯುತ್ತವೆ. ಉಬ್ಬರ ಬಂದು ಕೆಸರು ಮುಳುಗಿದರೆ ಅವಕ್ಕೆ ಉಳಿಯುವುದು ಆ ಮರಳು ದಿಬ್ಬ ಒಂದೇ. ನೂರಾರು ಹಕ್ಕಿಗಳು ಒತ್ತೊತ್ತಾಗಿ, ಗಾಳಿಗೆ ಮುಖ ಮಾಡಿ, ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚುತ್ತವೆ. ನೀರು ಇಳಿದರೆ ಊಟ, ಏರಿದರೆ ನಿದ್ದೆ. ಹಗಲು ರಾತ್ರಿಗಿಂತ ಅವುಗಳ ದಿನವನ್ನು ನಡೆಸುವುದು ಈ ಏರಿಳಿತ.

ಗ್ರೇಟ್ ನಾಟ್ ಹುಟ್ಟುವುದು ಈಶಾನ್ಯ ಸೈಬೀರಿಯಾದ ಬೆಟ್ಟಗಳಲ್ಲಿ. ಚಳಿಗಾಲಕ್ಕೆ ಹೆಚ್ಚಿನವು ಆಸ್ಟ್ರೇಲಿಯಾದ ಉತ್ತರ ತೀರಗಳಿಗೆ ಹೋಗುತ್ತವೆ. ಭಾರತಕ್ಕೆ ಬರುವವು ಸ್ವಲ್ಪವೇ, ಅದರಲ್ಲೂ ಕರ್ನಾಟಕದ ತೀರದಲ್ಲಿ ಕಾಣುವುದು ಬಹಳ ಅಪರೂಪ. ಪ್ರಯಾಣದ ನಡುವೆ ಇವು ಇಳಿದು ಹೊಟ್ಟೆ ತುಂಬಿಸಿಕೊಳ್ಳುವುದು ಚೀನಾ ಮತ್ತು ಕೊರಿಯಾ ನಡುವಿನ ಹಳದಿ ಸಮುದ್ರದ ಕೆಸರು ಬಯಲುಗಳಲ್ಲಿ. ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ 33 ಕಿಲೋಮೀಟರ್ ಉದ್ದದ ಕಡಲ ಗೋಡೆ 2006ರಲ್ಲಿ ಮುಚ್ಚಿಕೊಂಡಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್‌ಗಳಿಗೆ ಅದು ದೊಡ್ಡ ಪೆಟ್ಟು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ 2015ರಿಂದ ಅಳಿವಿನ ಅಂಚಿನ ಹಕ್ಕಿಗಳ ಸಾಲಿನಲ್ಲಿದೆ.

ಮೊದಲ ದಿನ, ಮೂರು ಹೆಸರು

ಡಿಸೆಂಬರ್ ಎರಡನೇ ವಾರದ ಎಣಿಕೆ. ಸ್ಯಾಂಡ್ ಪ್ಲೋವರ್ ಎಂಬ ಸಣ್ಣ ತೀರದ ಹಕ್ಕಿಗಳ ದೊಡ್ಡ ಗುಂಪಿನ ನಡುವೆ ಕಾಲೇಜು ಹುಡುಗನಿಗೆ ಒಂದು ದೊಡ್ಡ ಬೂದು ಹಕ್ಕಿ ಕಂಡಿತು. ಫೋನಿನ ಆ್ಯಪ್‌ನಲ್ಲಿ ಚಿತ್ರ ನೋಡಿ ‘ರೆಡ್ ನಾಟ್’ ಎಂದ. ಹಿರಿಯರು ಸ್ಕೋಪ್ ಎಂಬ ದೂರದರ್ಶಕದಲ್ಲಿ ಒಂದು ಕ್ಷಣ ನೋಡಿ ‘ಗ್ರೇ ಪ್ಲೋವರ್ ಅದು’ ಎಂದರು. ಗ್ರೇ ಪ್ಲೋವರ್ ನಮ್ಮಲ್ಲಿ ಪ್ರತಿ ವರ್ಷ ಬರುವ ಹಕ್ಕಿ. ಅಕ್ಕೋರು ಮಾತ್ರ, ಕೊಕ್ಕು ಉದ್ದ ಇದೆಯಲ್ಲ, ಗ್ರೇಟ್ ನಾಟ್ ಯಾಕಾಗಬಾರದು ಎಂದು ಕೇಳಿದರು. ಅಷ್ಟರಲ್ಲಿ ಒಂದು ನಾಯಿ ದಿಬ್ಬ ಹತ್ತಿತು. ಎಲ್ಲ ಹಕ್ಕಿಗಳೂ ಎದ್ದು ಹೋದವು. ನಮ್ಮ ಹತ್ತಿರ ಉಳಿದದ್ದು ಸ್ಕೋಪ್‌ಗೆ ಫೋನ್ ಹಿಡಿದು ತೆಗೆದ ಒಂದು ಮಸುಕು ಚಿತ್ರ.

ಅಲ್ಲೇ ನಾನು ಒಂದು ತಪ್ಪು ಮಾಡಿದೆ. ಹಿರಿಯರ ಅನುಭವದ ಮೇಲೆ ನಮಗೆಲ್ಲ ಗೌರವ. ಹಾಗಾಗಿ ಪುಸ್ತಕದಲ್ಲಿ ‘ಗ್ರೇ ಪ್ಲೋವರ್, 1’ ಎಂದು ಬರೆದು ಮುಗಿಸಿದೆ. ಹುಡುಗ ಏನು ಕಂಡ, ಅಕ್ಕೋರು ಏನು ಗಮನಿಸಿದರು, ಯಾವುದನ್ನೂ ಬರೆಯಲಿಲ್ಲ. ಆ ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ರಾತ್ರಿ ಅಕ್ಕೋರು ಫೋನ್ ಮಾಡಿ ಹೇಳಿದ್ದು ಇಷ್ಟೇ: ‘ಹೆಸರು ಯಾರದ್ದು ಸರಿ ಅನ್ನೋದು ಆಮೇಲೆ ನೋಡುವಾ. ಕಂಡಿದ್ದನ್ನು ಮೂವರದ್ದೂ ಬೇರೆ ಬೇರೆ ಬರೆದಿಡಿ.’ ನಾನು ಮೂವರನ್ನೂ ಮತ್ತೆ ಕೇಳಿ ಬರೆದೆ. ಕೊಕ್ಕಿನ ಉದ್ದ ತಲೆಗಿಂತ ಜಾಸ್ತಿಯೋ ಕಡಿಮೆಯೋ, ಎದೆಯ ಮೇಲೆ ಚುಕ್ಕೆಯೋ ಗೆರೆಯೋ, ಕಾಲಿನ ಬಣ್ಣ ಏನು, ಹಾರುವಾಗ ಏನು ಕಂಡಿತು. ಹೀಗೆ ಕೇಳಿದಾಗ ಹಿರಿಯರೇ ಹೇಳಿದರು, ‘ಹಾರುವಾಗ ರೆಕ್ಕೆಯ ಕಂಕುಳಲ್ಲಿ ಕಪ್ಪು ನನಗೆ ಕಾಣಲಿಲ್ಲ.’ ಗ್ರೇ ಪ್ಲೋವರ್ ಹಾರಿದರೆ ಕಂಕುಳಿನ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ತಮ್ಮ ಮಾತನ್ನು ತಾವೇ ಪ್ರಶ್ನೆ ಮಾಡಿಕೊಂಡ ಅವರ ಆ ಒಂದು ವಾಕ್ಯದಿಂದಲೇ ಈ ಪ್ರಕರಣ ಮುಂದುವರಿಯಿತು. ಇಲ್ಲದಿದ್ದರೆ ಅಂದೇ ಮುಗಿಯುತ್ತಿತ್ತು.

ಹುಡುಕಾಟ

ಮರುದಿನ ಬಿಡುವಿದ್ದ ಹೊತ್ತಿಗೆ, ಮಧ್ಯಾಹ್ನ, ಹೋದೆವು. ನೀರು ಪೂರ್ತಿ ಇಳಿದಿತ್ತು. ದಿಬ್ಬ ಖಾಲಿ. ಹಕ್ಕಿಗಳು ದೂರದ ಬಯಲಿನಲ್ಲಿ ಚುಕ್ಕೆಗಳಂತೆ ಕಾಣುತ್ತಿದ್ದವು. ಸುಮ್ನೆ ಬಿಸಿಲಲ್ಲಿ ಎರಡು ಗಂಟೆ ನಿಂತು ಬಂದೆವು. ಅಷ್ಟು ವರ್ಷ ಎಣಿಕೆ ಮಾಡಿದವರು ನಾವು, ಆತುರದಲ್ಲಿ ಉಬ್ಬರದ ಹೊತ್ತನ್ನೇ ನೋಡಿಕೊಂಡಿರಲಿಲ್ಲ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಎರಡು ಉಬ್ಬರಗಳ ಎತ್ತರವೂ ಒಂದೇ ಅಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ದಿಬ್ಬದ ಮೇಲೆ ಒಣಗಿದ ಜಾಗ ಸ್ವಲ್ಪವೇ ಉಳಿಯುತ್ತದೆ, ಹಕ್ಕಿಗಳು ಒಟ್ಟಾಗುತ್ತವೆ. ನೋಡಲು ಅದು ಸುಲಭದ ಹೊತ್ತು. ಹಕ್ಕಿಗೆ ಅದೇ ಅತ್ಯಂತ ಇಕ್ಕಟ್ಟಿನ ಹೊತ್ತು ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

ವಾಪಸ್ ಬರುವಾಗ ಏರಿಯ ಮೇಲೆ ಬಳಚಿನ ಬುಟ್ಟಿ ಇಳಿಸಿಕೊಂಡು ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಅಕ್ಕೋರನ್ನು ಮಾತಾಡಿಸಿದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿ, ಹೇಳಿದ ಮೇಲೆ ನಕ್ಕರು. ‘ಅಕ್ಕೋರೆ, ಆ ಬೂದು ಹಕ್ಕಿನ? ಅದು ನಮ್ಮ ಹಾಂಗೇ ಬಳಚು ಹುಡುಕ್ತದೆ. ಸಣ್ಣ ಸಣ್ಣದು ಚಿಪ್ಪಿ ಸಮೇತ ನುಂಗ್ತದೆ. ಬೇರೆ ಹಕ್ಕಿ ಹುಳ ತಿಂತಾವೆ, ಇದು ಹಂಗಲ್ಲ.’ ಯಾವ ಕಡೆ ಎಂದು ಕೇಳಿದರೆ, ಕಾಂಡ್ಲಾ ಗಿಡಗಳ ತಿರುವಿನಲ್ಲಿ, ನೀರು ಇಳಿಯಲು ಶುರುವಾದಾಗ ಮೊದಲು ತೆರೆಯುವ ತುಂಡು ಜಾಗ ತೋರಿಸಿದರು. ಎಳೆ ಬಳಚು ಅಲ್ಲಿ ಜಾಸ್ತಿಯಂತೆ.

ನಾಟ್ ಹಕ್ಕಿಗಳು ಚಿಪ್ಪನ್ನು ಒಡೆಯದೆ ಇಡಿಯಾಗಿ ನುಂಗುತ್ತವೆ. ಒಳಗೆ ಹೊಟ್ಟೆಯ ಗಟ್ಟಿ ಸ್ನಾಯುವಿನ ಚೀಲದಲ್ಲಿ ಚಿಪ್ಪು ಪುಡಿಯಾಗುತ್ತದೆ. ಗ್ರೇ ಪ್ಲೋವರ್‌ನ ರೀತಿ ಬೇರೆ. ಅದು ಓಡಿ, ನಿಂತು, ಕಣ್ಣಲ್ಲಿ ನೋಡಿ ಹುಳ, ಏಡಿ ಹೆಕ್ಕುತ್ತದೆ. ಹಾಗಾಗಿ ಆ ತಾಯಿಯ ಮಾತಿನಿಂದ ಒಂದು ಹೆಸರು ಬಿದ್ದುಹೋಯಿತು. ಆದರೆ ರೆಡ್ ನಾಟ್ ಕೂಡ ಚಿಪ್ಪು ನುಂಗುವ ಹಕ್ಕಿಯೇ. ಎರಡು ಹೆಸರು ಇನ್ನೂ ಉಳಿದಿದ್ದವು.

ನಾಲ್ಕನೇ ದಿನ ಬೆಳಿಗ್ಗೆ, ನೀರು ಇಳಿಯಲು ಶುರುವಾಗುವ ಮೊದಲೇ, ಏರಿಯ ಮೇಲೆ ಗಿಡಗಳ ಮರೆಯಲ್ಲಿ ಕೂತೆವು. ಅರ್ಧ ಗಂಟೆಯಲ್ಲಿ ಕೆಸರು ತೆರೆಯಿತು. ಹಕ್ಕಿ ತಾನಾಗಿಯೇ ಹಾರಿ ಬಂದು, ನಮ್ಮಿಂದ ಐವತ್ತು ಹೆಜ್ಜೆ ದೂರದಲ್ಲಿ ಇಳಿಯಿತು. ಕೊಕ್ಕು ತಲೆಗಿಂತ ಉದ್ದ, ತುದಿಯಲ್ಲಿ ತುಸು ಕೆಳಗೆ ಬಾಗಿತ್ತು. ರೆಡ್ ನಾಟ್‌ನ ಕೊಕ್ಕು ನೇರ, ಹೆಚ್ಚು ಕಡಿಮೆ ತಲೆಯಷ್ಟೇ ಉದ್ದ. ಎದೆಯ ಮೇಲೆ ಕಪ್ಪು ಚುಕ್ಕೆಗಳು. ಹುಬ್ಬಿನ ಬಿಳಿ ಗೆರೆ ಮಂಕು. ಕೊನೆಗೆ ಅದು ರೆಕ್ಕೆ ಎತ್ತಿ ಮೈ ಮುರಿದಾಗ ಫೋಟೋದಲ್ಲಿ ಬಾಲದ ಬುಡ ಸ್ಪಷ್ಟ ಬಿಳಿಯಾಗಿ ಬಂದಿತ್ತು. ರೆಡ್ ನಾಟ್‌ಗೆ ಆ ಜಾಗ ಗೆರೆಗೆರೆಯಾಗಿ ಬೂದು. ಅಲ್ಲಿಗೆ ಸಂಶಯ ಮುಗಿಯಿತು. ಹಿರಿಯರು ಹುಡುಗನ ಬೆನ್ನು ತಟ್ಟಿ, ‘ನಾಟ್ ಅಂತ ಮೊದಲು ಹೇಳಿದ್ದು ನೀನೇ ಮಗಾ’ ಎಂದರು. ಅವನ ಮುಖ ನೋಡಬೇಕಿತ್ತು.

ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸೇರಿಸಿದಾಗ, ಅಪರೂಪದ ಹಕ್ಕಿಗಳಿಗೆ ಕೇಳುವಂತೆ, ವಿವರ ಕೇಳಿದರು. ಮೊದಲ ದಿನದ ಮೂವರ ಟಿಪ್ಪಣಿ, ಮಸುಕು ಚಿತ್ರ, ನಾಲ್ಕನೇ ದಿನದ ಚಿತ್ರಗಳು, ಎಲ್ಲ ಕೊಟ್ಟೆವು. ಒಪ್ಪಿಗೆ ಸಿಕ್ಕಿತು. ನನ್ನ ಪುಸ್ತಕದಲ್ಲಿ ‘ಗ್ರೇ ಪ್ಲೋವರ್’ ಎಂಬುದನ್ನು ಅಳಿಸದೆ, ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಹೆಸರು ಮತ್ತು ತಿದ್ದಿದ ತಾರೀಕು ಬರೆದಿದ್ದೇನೆ.

ಸುದ್ದಿ ಹೊರಟ ಮೇಲೆ

ಹೆಸರು ಗೊತ್ತಾಗುವ ತನಕ ಅಷ್ಟು ಯೋಚಿಸಿದ ನಾವು, ಗೊತ್ತಾದ ಮೇಲೆ ಯಾರಿಗೆ, ಎಷ್ಟು ಹೇಳಬೇಕು ಎಂದು ಐದು ನಿಮಿಷವೂ ಕೂತು ಮಾತಾಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ನೋವು ಕೊಡುವ ಭಾಗ ಇದು.

ಫೋಟೋ ತೆಗೆದವರು ಖುಷಿಯಿಂದ ಒಬ್ಬ ಗೆಳೆಯರಿಗೆ ಚಿತ್ರ ಕಳಿಸಿದರು, ಜೊತೆಗೆ ಜಾಗದ ಲೊಕೇಶನ್ನನ್ನೂ. ಆ ಗೆಳೆಯರು ಇನ್ನಿಬ್ಬರಿಗೆ. ಎರಡು ದಿನದಲ್ಲಿ ಅದು ಹಲವು ವಾಟ್ಸಾಪ್ ಗುಂಪುಗಳಲ್ಲಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಒಳ್ಳೆಯ ಸುದ್ದಿಯನ್ನು ಹಂಚಿಕೊಳ್ಳಬೇಕು ಅನಿಸುವುದು ಸಹಜ ಅಲ್ವಾ?

ಭಾನುವಾರ ಅಮಾವಾಸ್ಯೆಯ ಮರುದಿನ. ಬೆಳಿಗ್ಗೆ ಮೂವತ್ತಕ್ಕೂ ಹೆಚ್ಚು ಜನ ಬಂದರು. ಉಬ್ಬರದಲ್ಲಿ ಹಕ್ಕಿ ಹತ್ತಿರ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಸರಿಯಾಗಿ ಉಬ್ಬರಕ್ಕೇ ಬಂದರು. ಕೆಲವರು ದೋಣಿಯಲ್ಲಿ ದಿಬ್ಬಕ್ಕೇ ಇಳಿದರು. ಹುಡುಗ ಏರಿಯ ಮೇಲೆ ಕೂತು ಒಂದೇ ಕೆಲಸ ಮಾಡಿದ: ಹಕ್ಕಿಗಳ ಗುಂಪು ಎಷ್ಟು ಸಲ ಎದ್ದಿತು ಎಂದು ಎಣಿಸಿದ. ಒಂದು ಗಂಟೆಯಲ್ಲಿ ಹನ್ನೊಂದು ಸಲ. ಯಾರೂ ಇಲ್ಲದ ಹಿಂದಿನ ದಿನ ಅದೇ ಒಂದು ಗಂಟೆಯಲ್ಲಿ ಎರಡು ಸಲ ಎದ್ದಿದ್ದವು, ಒಂದು ಬಿಳಿಹೊಟ್ಟೆಯ ಕಡಲ ಹದ್ದಿಗೆ, ಒಂದು ನಾಯಿಗೆ. ಹನ್ನೊಂದನೇ ಸಲ ಎದ್ದ ಗುಂಪು ದಿಬ್ಬಕ್ಕೆ ಮರಳಲಿಲ್ಲ. ಕಡಲಿನ ಮೇಲೆ ದಕ್ಷಿಣಕ್ಕೆ ಹೋಯಿತು. ಮುಂದಿನ ಮೂರು ದಿನ ಗ್ರೇಟ್ ನಾಟ್ ಕಾಣಲಿಲ್ಲ. ಸ್ಯಾಂಡ್ ಪ್ಲೋವರ್‌ಗಳೂ ಅರ್ಧಕ್ಕಿಂತ ಕಡಿಮೆ.

ಮಾಡಿ ನೋಡಿದ್ದು

ಮೊದಲು ಒಂದು ಬೋರ್ಡ್ ನೆಟ್ಟೆವು. ‘ಹಕ್ಕಿಗಳ ವಿಶ್ರಾಂತಿ ಜಾಗ, ಹತ್ತಿರ ಹೋಗಬೇಡಿ.’ ಅದರಿಂದ ತೊಂದರೆಯೇ ಜಾಸ್ತಿ ಆಯಿತು. ಹಕ್ಕಿ ಎಲ್ಲಿ ಕೂರುತ್ತದೆ ಎಂದು ಗೊತ್ತಿಲ್ಲದವರಿಗೂ ನಾವೇ ಜಾಗ ತೋರಿಸಿಕೊಟ್ಟ ಹಾಗಾಯಿತು. ಎರಡನೇ ದಿನ ಕಿತ್ತು ತಂದೆವು.

ಕೆಲವರು ಅರಣ್ಯ ಇಲಾಖೆಗೆ ಬರೆಯಿರಿ ಎಂದರು. ಬರೆದೆವು. ಆದರೆ ದಿನಕ್ಕೆ ಎರಡು ಸಲ ಹೊತ್ತು ಬದಲಾಯಿಸುತ್ತಾ ಬರುವ ಉಬ್ಬರಕ್ಕೆ ಕಾವಲು ನಿಲ್ಲುವುದು ಯಾವ ಇಲಾಖೆಗೂ ಆಗುವ ಕೆಲಸವಲ್ಲ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮನ್ನಣೆ ಸಿಕ್ಕಿತು. ನಮ್ಮ ಅಳಿವೆಗೆ ಅಂಥದ್ದೇನೂ ಇಲ್ಲ. ಅಲ್ಲಿ ದಿನಾ ಇರುವವರು ಬಳಚಿನ ಹೆಂಗಸರು ಮತ್ತು ದೋಣಿಯವರು. ಅವರ ಹತ್ತಿರ ಹೋಗಲು ನಮಗೆ ಒಂದು ವಾರ ಬೇಕಾಯಿತು. ಮೊದಲ ದಿನವೇ ಹೋಗಬೇಕಿತ್ತು.

ಮಾತುಕತೆ ನಡೆದದ್ದು ದೋಣಿ ಕಟ್ಟುವ ಜಾಗದಲ್ಲಿ, ಸಂಜೆ. ಅಕ್ಕೋರೇ ಮಾತಾಡಿದರು. ಹಕ್ಕಿ ಅಪರೂಪದ್ದು, ಪಟ್ಟಿಯಲ್ಲಿದೆ ಎಂದೆಲ್ಲ ಅವರು ಶುರು ಮಾಡಲಿಲ್ಲ. ಇದರ ಹೊಟ್ಟೆಯ ಕಥೆ ಹೇಳಿದರು. ಆಸ್ಟ್ರೇಲಿಯಾದಿಂದ ಚೀನಾದ ತೀರಕ್ಕೆ ಈ ಹಕ್ಕಿ ಎಲ್ಲೂ ಇಳಿಯದೆ 5,000 ಕಿಲೋಮೀಟರ್‌ಗೂ ಜಾಸ್ತಿ ಹಾರುತ್ತದೆ. ಹೊರಡುವ ಮೊದಲು ಹಿಡಿದ ಹಕ್ಕಿಗಳನ್ನೂ ತಲುಪಿದ ಮೇಲೆ ಹಿಡಿದ ಹಕ್ಕಿಗಳನ್ನೂ ವಿಜ್ಞಾನಿಗಳು ಹೋಲಿಸಿ ನೋಡಿದ್ದಾರೆ. ಕೊಬ್ಬು ಮಾತ್ರವಲ್ಲ, ಮಿದುಳು ಮತ್ತು ಶ್ವಾಸಕೋಶ ಬಿಟ್ಟರೆ ದೇಹದ ಒಳಗಿನ ಅಂಗಗಳೆಲ್ಲ ದಾರಿಯಲ್ಲಿ ಸಣ್ಣಗಾಗಿದ್ದವು. ಇದು 2000ರಲ್ಲಿ ಪ್ರಕಟವಾದ ವಿಷಯ. ‘ಮೈಯನ್ನೇ ಸುಟ್ಟುಕೊಂಡು ಬರುವ ಹಕ್ಕಿ ಇದು. ಇಲ್ಲಿ ತಿಂದದ್ದು, ಮಲಗಿದ್ದು, ಅಷ್ಟೇ ಅದರ ದುಡಿಮೆ. ನಾವು ಒಂದು ಸಲ ಎಬ್ಬಿಸಿದರೆ ಆ ದುಡಿಮೆಯಿಂದ ಸ್ವಲ್ಪ ಕಿತ್ತುಕೊಂಡ ಹಾಗೆ’ ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೋಣಿಯಲ್ಲಿ ಡೀಸೆಲ್ ಲೆಕ್ಕ ಹಾಕಿ ಕಡಲಿಗೆ ಹೋಗುವವರಿಗೆ ಈ ಮಾತು ತಟ್ಟಿತು ಎಂದು ನನಗೆ ಅನಿಸಿತು.

ಉಬ್ಬರದ ತುದಿಗೆ ಎರಡು ಗಂಟೆ ಮೊದಲು, ಎರಡು ಗಂಟೆ ಆಮೇಲೆ ದಿಬ್ಬಕ್ಕೆ ದೋಣಿ ಇಳಿಸುವುದು ಬೇಡ. ಇದು ನಮ್ಮ ಕೋರಿಕೆ. ಹೆಚ್ಚಿನವರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ. ‘ಅಕ್ಕೋರೆ, ಉಬ್ಬರ ಇದ್ರೆ ಮಾತ್ರ ನನ್ನ ದೋಣಿ ಆ ಕಡೆ ದಾಟ್ತದೆ. ಇಳಿತದಲ್ಲಿ ತಳ ಮರಳಿಗೆ ತಾಗ್ತದೆ. ನಾ ಯಾವಾಗ ಹೋಗ್ಲಿ ಹೇಳಿ?’ ಅವರ ಮಾತು ನ್ಯಾಯವಾದದ್ದೇ. ನಮ್ಮ ನಾಲ್ಕು ಗಂಟೆ ಅವರಿಗೆ ಇಡೀ ದಿನದ ಸಂಪಾದನೆ. ಒತ್ತಾಯ ಮಾಡದೆ ಬಂದೆವು. ಎರಡು ದಿನ ಬಿಟ್ಟು ಹಿರಿಯರು ಅವರ ಜೊತೆ ದೋಣಿಯಲ್ಲೇ ಕೂತು ಹೋಗಿ ನೀರಿನ ಆಳ ನೋಡಿ ಬಂದರು. ದಿಬ್ಬದ ತುದಿ ಬಿಟ್ಟು ಎದುರು ದಡದ ಕಲ್ಲಿನ ಹತ್ತಿರ ಇಳಿಸಿದರೆ ಅವರಿಗೂ ಸರಿಯಾಗುತ್ತದೆ, ಹಕ್ಕಿಗಳಿಂದಲೂ ದೂರ ಎಂದು ಆ ದೋಣಿಯವರೇ ದಾರಿ ಹುಡುಕಿದರು.

ನಾಯಿಗಳ ವಿಷಯ ಬಳಚಿನ ಹೆಂಗಸರಿಂದ ಬಂತು. ದಿಬ್ಬದ ಬುಡದಲ್ಲಿ ಬಲೆಯಿಂದ ಬಿಡಿಸಿದ ಬೇಡದ ಮೀನು ಬಿಸಾಡುತ್ತಾರೆ, ಅದಕ್ಕೇ ನಾಯಿ ಬರುತ್ತವೆ ಎಂದರು. ಬಲೆ ಬಿಡಿಸುವುದನ್ನು ದೋಣಿ ಕಟ್ಟುವ ಕಡೆಗೆ ಬದಲಾಯಿಸಿಕೊಂಡರು. ವಾರದೊಳಗೆ ದಿಬ್ಬದ ಮೇಲೆ ನಾಯಿ ಹೆಜ್ಜೆ ಕಡಿಮೆಯಾಯಿತು.

ಇನ್ನು ಹಕ್ಕಿ ನೋಡಲು ಬರುವವರು. ಬರಬೇಡಿ ಎನ್ನಲು ನಮಗೆ ಮನಸ್ಸಿರಲಿಲ್ಲ, ಹೇಳಿದರೂ ಕೇಳುವವರಿರಲಿಲ್ಲ. ಹಾಗಾಗಿ ಹೊತ್ತು ಬದಲಾಯಿಸಿದೆವು. ಯಾರೇ ಕೇಳಿದರೂ ನೀರು ಇಳಿಯುವ ಹೊತ್ತಿಗೆ ಏರಿಗೆ ಬರಲು ಹೇಳುತ್ತಿದ್ದೆವು. ಬಂದವರು ಮೊದಲು ಕೂರಬೇಕು. ನಡೆದಾಡಬಾರದು. ಕೆಸರು ತೆರೆಯುವ ತನಕ ಕಾಯಬೇಕು. ಕೂತವರ ಹತ್ತಿರಕ್ಕೆ ಹಕ್ಕಿಗಳು ತಾವೇ ಬರುತ್ತವೆ. ಉಬ್ಬರದಲ್ಲಿ ಅಟ್ಟಿಸಿಕೊಂಡು ಹೋಗಿ ತೆಗೆದ ಚಿತ್ರಗಳಿಗಿಂತ ಈ ಚಿತ್ರಗಳೇ ಚೆನ್ನಾಗಿ ಬಂದವು. ಬಳಚು ನುಂಗುವ ಚಿತ್ರ ಸಿಕ್ಕಿದ್ದೂ ಹೀಗೆಯೇ. ಅದನ್ನು ನೋಡಿದ ಮೇಲೆ ಉಬ್ಬರಕ್ಕೆ ಬರುತ್ತೇವೆ ಎನ್ನುವವರು ತಾವಾಗಿ ಕಡಿಮೆಯಾದರು.

ಆದದ್ದು

ಆ ಭಾನುವಾರ ಕಳೆದ ನಾಲ್ಕನೇ ದಿನ ಗ್ರೇಟ್ ನಾಟ್ ಮರಳಿ ಕಂಡಿತ್ತು. ಒಪ್ಪಂದ ಆದ ಮೇಲೆ ಎರಡು ವಾರದಲ್ಲಿ ಸ್ಯಾಂಡ್ ಪ್ಲೋವರ್‌ಗಳ ಲೆಕ್ಕವೂ ಮೊದಲಿನ ಹತ್ತಿರಕ್ಕೆ ಬಂತು. ಜನವರಿಯಲ್ಲಿ ಹುಡುಗ ಮತ್ತೆ ಎಣಿಸಿದಾಗ, ಉಬ್ಬರದ ಒಂದು ಗಂಟೆಯಲ್ಲಿ ಗುಂಪು ಎದ್ದದ್ದು ಮೂರು ಸಲ. ಇದು ಒಂದೇ ಜಾಗದ, ಕೆಲವೇ ದಿನದ ಲೆಕ್ಕ. ಹಕ್ಕಿ ನಮ್ಮ ಒಪ್ಪಂದದಿಂದಲೇ ಉಳಿಯಿತು ಎಂದು ನಾನು ಹೇಳುವುದಿಲ್ಲ. ಒಪ್ಪಂದಕ್ಕೆ ಮೊದಲೇ ಅದು ವಾಪಸ್ ಬಂದಿತ್ತು. ಆದರೆ ಅದರ ನಿದ್ದೆ ಕೆಡುವುದು ಕಡಿಮೆಯಾಯಿತು ಎಂಬುದನ್ನು ಪುಸ್ತಕ ತೋರಿಸುತ್ತದೆ.

ಮಾರ್ಚ್ ಹೊತ್ತಿಗೆ ಎದೆಯ ಚುಕ್ಕೆಗಳು ದಟ್ಟವಾಗಿ ಕಪ್ಪು ಎದೆಯಂತೆ ಕಾಣತೊಡಗಿತು. ಬೆನ್ನಿನ ಮೇಲೆ ಕಂದುಗೆಂಪು ಗರಿಗಳು ಬಂದವು. ಸೈಬೀರಿಯಾಕ್ಕೆ ಹೊರಡುವ ಬಟ್ಟೆ. ಮಾರ್ಚ್ ಕೊನೆಯ ವಾರದ ಎಣಿಕೆಯೇ ಅದು ಕಂಡ ಕೊನೆಯ ದಿನ.

ಈಗ ನಮ್ಮ ಗುಂಪಿನಲ್ಲಿ ಎರಡು ಬದಲಾವಣೆ ಉಳಿದುಕೊಂಡಿವೆ. ಅಪರೂಪದ್ದು ಏನೇ ಕಂಡರೂ ಅಲ್ಲೇ ನಿಂತು ಪ್ರತಿಯೊಬ್ಬರೂ ಬೇರೆ ಬೇರೆ ಬರೆಯುತ್ತಾರೆ, ಬರೆದು ಮುಗಿಯುವ ತನಕ ಹೆಸರು ಹೇಳುವಂತಿಲ್ಲ. ದೊಡ್ಡವರ ಮಾತಿಗೆ ಸಣ್ಣವರ ಕಣ್ಣು ಮುಚ್ಚಿಹೋಗಬಾರದು ಎಂದು ಈ ನಿಯಮ ತಂದವರು ಹಿರಿಯರೇ. ಇನ್ನೊಂದು, ಅಳಿವೆಯಿಂದ ಹೊರಡುವ ಮೊದಲು ಐದು ನಿಮಿಷ ಕೂತು ಯಾರಿಗೆ, ಯಾವಾಗ, ಎಷ್ಟು ಹೇಳುವುದು ಎಂದು ತೀರ್ಮಾನ ಮಾಡುತ್ತೇವೆ. ಲೊಕೇಶನ್ ಯಾರಿಗೂ ಕಳಿಸುವುದಿಲ್ಲ. ನೋಡಬೇಕೆನ್ನುವವರನ್ನು ಜೊತೆಗೇ ಕರೆದುಕೊಂಡು ಹೋಗುತ್ತೇವೆ. ಎಲ್ಲ ಕಡೆ ಇದು ಆಗುವಂಥದ್ದಲ್ಲ, ಗೊತ್ತು. ನಮ್ಮಂಥ ಸಣ್ಣ ಜಾಗಕ್ಕೆ ಸಾಲುತ್ತದೆ.

ಒಂದು ಕೆಲಸ ಬಾಕಿ ಇದೆ. ಆ ವರ್ಷದ ಮಳೆಗಾಲದಲ್ಲಿ ನದಿಯ ಬಾಯಿ ಸರಿಯಿತು. ಹಳೆಯ ದಿಬ್ಬದ ಅರ್ಧ ಕೊಚ್ಚಿಹೋಗಿ, ಎದುರು ದಡದ ಕಲ್ಲಿನ ಹತ್ತಿರ ಹೊಸ ಮರಳು ಬಿದ್ದಿದೆ. ನವೆಂಬರ್‌ನ ಮೊದಲ ಎಣಿಕೆಯಲ್ಲಿ ಹಕ್ಕಿಗಳು ಉಬ್ಬರಕ್ಕೆ ನಿಂತದ್ದು ಅಲ್ಲಿಯೇ. ಆ ದೋಣಿಯವರು ಈಗ ಇಳಿಯುವ ಜಾಗವೂ ಅದೇ. ಅವರೇ ಫೋನ್ ಮಾಡಿ ತಿಳಿಸಿದರು. ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ದೋಣಿ ಕಟ್ಟುವ ಜಾಗದಲ್ಲಿ ಮತ್ತೆ ಕೂರುವುದು ಎಂದಾಗಿದೆ.